ರಸಬಾಳೆ ಹಾಕುವ ಮುನ್ನ ಬಂಡವಾಳದ ಲೆಕ್ಕ

ಹೊಸ ತೋಟ ಹಾಕುವಾಗ, ಕೊಳವೆ ಬಾವಿ ತೆಗೆಸುವಾಗ, ರೇಷ್ಮೆ ಹುಳುವಿನ ಮನೆ ಕಟ್ಟುವಾಗ ನಮ್ಮ ರೈತರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಖರ್ಚೆಷ್ಟು? ಸಾಲದ ಬಡ್ಡಿ ಎಷ್ಟು? ಇವೆರಡೂ ಬೇಕಾದವೇ. ಆದರೆ ಮೂರನೆಯ ಪ್ರಶ್ನೆಯೊಂದುಂಟು: ಕೆಲಸ ಕೈಕೊಟ್ಟರೆ ಹೋಗುವುದೆಷ್ಟು, ಹಾಗೆ ಕೈಕೊಡುವ ಸಂಭವವೆಷ್ಟು? ದೊಡ್ಡ ಕಂಪನಿಗಳು ಹೊಸ ಕಾರ್ಖಾನೆಗೆ ಹಣ ಹೂಡುವ ಮುನ್ನ ಈ ಮೂರನ್ನೂ ಒಟ್ಟಿಗೆ ಇಟ್ಟು ಲೆಕ್ಕ ಹಾಕುತ್ತವೆ. ಕೂಡುವುದು, ಗುಣಿಸುವುದು, ಭಾಗಿಸುವುದು ಬಲ್ಲವರಿಗೆ ಇದು ಕಷ್ಟದ ಲೆಕ್ಕವಲ್ಲ. ನಂಜನಗೂಡು ರಸಬಾಳೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ಇಲ್ಲಿ ವಿವರಿಸಲಾಗಿದೆ.

ರಸಬಾಳೆಗೆ 2005-06ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಹೆಸರಿಗೂ ರುಚಿಗೂ ಕೊರತೆಯಿಲ್ಲ, ಕೊಳ್ಳುವವರಿಗೂ ಕೊರತೆಯಿಲ್ಲ. ತೊಂದರೆಯಿರುವುದು ಮಣ್ಣಿನಲ್ಲಿ. ಪನಾಮ ಸೊರಗು ರೋಗದ ಶಿಲೀಂಧ್ರ ಬೇರಿನ ಮೂಲಕ ಗಿಡವನ್ನು ಹೊಕ್ಕು ನೀರಿನ ನಾಳಗಳನ್ನು ಕಟ್ಟಿಬಿಡುತ್ತದೆ. ಮೊದಲು ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ ದಿಂಡಿನ ಸುತ್ತ ಜೋತುಬೀಳುತ್ತವೆ, ಆಮೇಲೆ ದಿಂಡು ಸೀಳುತ್ತದೆ. ಕೊಯ್ದು ನೋಡಿದರೆ ಒಳಗೆ ಕಂದು ಗೆರೆಗಳು ಕಾಣುತ್ತವೆ. ಹತ್ತಿದ ಗಿಡವನ್ನು ಉಳಿಸುವ ಔಷಧಿಯಿಲ್ಲ. ರೋಗದ ತೋಟದಿಂದ ತಂದ ಕಂದು, ಹರಿದು ಬಂದ ನೀರು, ಗುದ್ದಲಿಗೆ ಅಂಟಿದ ಮಣ್ಣು, ಇವೆಲ್ಲ ರೋಗವನ್ನು ಹರಡುತ್ತವೆ. ಒಮ್ಮೆ ಹೊಲಕ್ಕೆ ಬಂದ ಶಿಲೀಂಧ್ರ ಹತ್ತಾರು ವರ್ಷ ಮಣ್ಣಿನಲ್ಲೇ ಉಳಿಯುತ್ತದೆ. ಅಂಗಾಂಶ ಕೃಷಿಯ ಸಸಿ ತಂದರೆ ಭಯವಿಲ್ಲವೆಂದು ಕೆಲವರು ನಂಬಿದ್ದಾರೆ. ಸಸಿ ಶುದ್ಧವಾಗಿರುತ್ತದೆ, ನಿಜ. ಮಣ್ಣು ಶುದ್ಧವಿಲ್ಲದಿದ್ದರೆ ಅದೂ ಸೊರಗುತ್ತದೆ.

ಲೆಕ್ಕ ಹೀಗೆ

ಒಂದು ಎಕರೆಗೆ 1,50,000 ರೂ. ಹೂಡಿದಿರೆಂದು ಇಟ್ಟುಕೊಳ್ಳಿ. (ಇಲ್ಲಿನ ಅಂಕಿಗಳು ಲೆಕ್ಕ ಕಲಿಯಲು ಮಾತ್ರ, ನಿಮ್ಮ ಜಮೀನಿನ ಅಂಕಿಗಳನ್ನು ನೀವೇ ಹಾಕಿಕೊಳ್ಳಬೇಕು.) ರೋಗ ಬಾರದಿದ್ದರೆ ಆಯಾ ವರ್ಷದ ಖರ್ಚು ಕಳೆದು ಮೊದಲ ವರ್ಷದ ಕೊನೆಗೆ 1,40,000 ರೂ., ಕೂಳೆ ಬೆಳೆಯಿಂದ ಎರಡನೆಯ ವರ್ಷದ ಕೊನೆಗೆ 1,10,000 ರೂ. ಬರುತ್ತದೆ. ರೋಗ ಬಂದರೆ ಮೊದಲ ವರ್ಷ 60,000 ರೂ. ಮಾತ್ರ, ಕೂಳೆ ಇಲ್ಲ.

ಎರಡು ವರ್ಷದ ಮೇಲೆ ಬರುವ ಹಣವೂ ಇಂದು ಕೈಯಲ್ಲಿರುವ ಹಣವೂ ಒಂದೇ ಅಲ್ಲ. ಆದ್ದರಿಂದ ಮುಂದೆ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸಬೇಕು. ಎಷ್ಟು ಇಳಿಸಬೇಕೆಂಬುದನ್ನು ನಿರ್ಧರಿಸುವುದೇ ಬಂಡವಾಳದ ವೆಚ್ಚ. 1,50,000ದಲ್ಲಿ ಬ್ಯಾಂಕಿನ ಸಾಲ 1,00,000 ರೂ., ಬಡ್ಡಿ ಶೇಕಡಾ 9 ಇರಲಿ. ಉಳಿದ 50,000 ಸ್ವಂತದ್ದು. ಸ್ವಂತ ಹಣಕ್ಕೆ ಬಡ್ಡಿಯಿಲ್ಲವೆಂದು ಬಿಟ್ಟುಬಿಡುವವರೇ ಹೆಚ್ಚು. ಅದೇ ಹಣದಲ್ಲಿ ಹಸು ಕಟ್ಟಿದ್ದರೆ, ಹಿಪ್ಪುನೇರಳೆ ಹಾಕಿದ್ದರೆ ಏನು ಸಿಗುತ್ತಿತ್ತೋ ಅದೇ ಅದರ ಬೆಲೆ. ಅದು ಶೇಕಡಾ 18 ಎಂದಾದರೆ ಸಾಲಕ್ಕೆ ವರ್ಷಕ್ಕೆ 9,000, ಸ್ವಂತ ಹಣಕ್ಕೆ 9,000, ಒಟ್ಟು 18,000 ರೂ. ಇದು 1,50,000ಕ್ಕೆ ಶೇಕಡಾ 12 ಆಯಿತು.

ಹಾಗಾದರೆ ಮೊದಲ ವರ್ಷದ ಹಣವನ್ನು 1.12ರಿಂದ, ಎರಡನೆಯ ವರ್ಷದ್ದನ್ನು ಇನ್ನೊಮ್ಮೆ 1.12ರಿಂದ, ಅಂದರೆ ಒಟ್ಟು 1.2544ರಿಂದ ಭಾಗಿಸಬೇಕು. ರೋಗವಿಲ್ಲದಿದ್ದರೆ 1,25,000 ಮತ್ತು 87,691 ರೂ., ಕೂಡಿದರೆ 2,12,691. ಹೂಡಿದ್ದನ್ನು ಕಳೆದರೆ 62,691 ರೂ. ಲಾಭ. ರೋಗ ಬಂದರೆ 60,000ದ ಇಂದಿನ ಬೆಲೆ 53,571, ಆದ್ದರಿಂದ 96,429 ರೂ. ನಷ್ಟ.

ಈಗ ಸಂಭವವನ್ನು ಸೇರಿಸೋಣ. ನಿಮ್ಮ ಸುತ್ತಿನಲ್ಲಿ ಹತ್ತು ತೋಟಕ್ಕೆ ಮೂರರಲ್ಲಿ ಸೊರಗು ಬರುವುದಾದರೆ 62,691ರ ಏಳು ಪಾಲಿನಿಂದ 96,429ರ ಮೂರು ಪಾಲನ್ನು ಕಳೆಯಿರಿ: ಸರಾಸರಿ ಸುಮಾರು 15,000 ರೂ. ಲಾಭ. ಹತ್ತಕ್ಕೆ ನಾಲ್ಕಾದರೆ ಸುಮಾರು ಒಂದು ಸಾವಿರ ನಷ್ಟ. ಐದಾದರೆ ಸುಮಾರು 17,000 ನಷ್ಟ. ಅಂದರೆ ಹತ್ತಕ್ಕೆ ನಾಲ್ಕರ ಹತ್ತಿರವೇ ಗಡಿ. ಈ ತೋಟ ಹಾಕಬೇಕೇ ಬೇಡವೇ ಎಂಬುದು ರಸಬಾಳೆಯ ಮಾರುಕಟ್ಟೆ ಬೆಲೆಗಿಂತ ಹೆಚ್ಚಾಗಿ ಈ ಒಂದು ಅಂಕಿಯ ಮೇಲೆ ನಿಂತಿದೆ.

ಅಗ್ಗದ ಸಾಲ, ದುಬಾರಿ ಸಾಲ

ಸಹಕಾರ ಸಂಘಗಳ ಮೂಲಕ 15 ಲಕ್ಷ ರೂ.ವರೆಗಿನ ಮಧ್ಯಮಾವಧಿ, ದೀರ್ಘಾವಧಿ ಕೃಷಿ ಸಾಲವನ್ನು ಶೇಕಡಾ 3ರ ಬಡ್ಡಿಗೆ ಕೊಡುವುದಾಗಿ 2023-24ರ ರಾಜ್ಯ ಬಜೆಟ್ಟಿನಲ್ಲಿ ಘೋಷಿಸಲಾಯಿತು. ಮೇಲಿನ ಲೆಕ್ಕವನ್ನೇ ಶೇಕಡಾ 3ರಲ್ಲಿ ಹಾಕಿದರೆ ಹತ್ತಕ್ಕೆ ನಾಲ್ಕು ತೋಟ ಕೆಟ್ಟರೂ ಸುಮಾರು 17,000 ರೂ. ಲಾಭ ಕಾಣುತ್ತದೆ. ಇದನ್ನು ನಂಬಿ ಇಳಿಯಬಾರದು. ಬಡ್ಡಿ ಇಳಿದ ಮಾತ್ರಕ್ಕೆ ಮಣ್ಣಿನ ಶಿಲೀಂಧ್ರ ಸಾಯುವುದಿಲ್ಲ. ರಿಯಾಯಿತಿಯ ಬಡ್ಡಿ ಸರ್ಕಾರ ರೈತನಿಗೆ ಕೊಟ್ಟ ಸಹಾಯ, ಬಾಳೆ ದುಡಿದು ಕೊಟ್ಟದ್ದಲ್ಲ. ಅದೇ ಸಹಾಯವನ್ನು ಕಡಿಮೆ ಅಪಾಯದ ಕೆಲಸಕ್ಕೂ ಪಡೆಯಬಹುದಲ್ಲವೇ? ಆದ್ದರಿಂದ ಸಹಾಯವನ್ನು ಬೇರೆಯಾಗಿ ಬರೆದುಕೊಂಡು, ಬೆಳೆಯನ್ನು ಅದರ ಅಪಾಯಕ್ಕೆ ತಕ್ಕ ದರದಲ್ಲೇ ಅಳೆಯತಕ್ಕದ್ದು.

ಇನ್ನು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯ ಕೈಸಾಲ. ಅದು ವರ್ಷಕ್ಕೆ ಶೇಕಡಾ 36. ಆ ದರದಲ್ಲಿ ರೋಗವೇ ಬಾರದಿದ್ದರೂ ಉಳಿಯುವುದು ಸುಮಾರು 12,400 ರೂ. ಹತ್ತಕ್ಕೆ ಒಂದು ತೋಟ ಕೆಟ್ಟರೆ ಅದೂ ಸೊನ್ನೆಯ ಹತ್ತಿರ ಬರುತ್ತದೆ. ಇದಕ್ಕೆ ಹೆಚ್ಚು ವಿವರಣೆ ಬೇಕಿಲ್ಲ.

ವಿಸ್ತರಣಾ ಕಾರ್ಯಕರ್ತರು ಒಂದು ವಿಷಯವನ್ನು ಗಮನಿಸಬೇಕು. ರೋಗದ ಸಂಭವವನ್ನು ಮೇಲಿನಂತೆ ಸೇರಿಸಿದ ಮೇಲೆ, 'ಅಪಾಯದ ಬೆಳೆ' ಎಂದು ಹೇಳಿ ದರವನ್ನು 12ರಿಂದ 20ಕ್ಕೆ ಏರಿಸಬಾರದು. ಒಂದೇ ಅಪಾಯವನ್ನು ಎರಡು ಸಲ ಎಣಿಸಿದಂತಾಗಿ ಒಳ್ಳೆಯ ಯೋಜನೆಯೂ ಬಿದ್ದುಹೋಗುತ್ತದೆ.

ಕಂಪನಿಗೂ ರೈತನಿಗೂ ಇರುವ ಅಂತರ

ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆಯಿದೆ. ಅಂಥ ಕಂಪನಿಯ ಒಂದು ಯೋಜನೆ ಮುಳುಗಿದರೆ ಷೇರುದಾರ ಕಳೆದುಕೊಳ್ಳುವುದು ತನ್ನ ಷೇರಿನ ಹಣವನ್ನು ಮಾತ್ರ. ಅವನ ಮನೆಯ ಬಾಗಿಲಿಗೆ ಯಾರೂ ಬರುವುದಿಲ್ಲ. ನಮ್ಮ ಉದಾಹರಣೆಯ ರೈತನ ಗತಿಯೇ ಬೇರೆ. ರೋಗ ಬಂದ ವರ್ಷ ಬ್ಯಾಂಕಿಗೆ ಕೊಡಬೇಕಾದ್ದು 1,09,000, ಕೈಗೆ ಬಂದದ್ದು 60,000. ಸ್ವಂತ 50,000 ಹೋದದ್ದಲ್ಲದೆ ಇನ್ನೂ 49,000 ರೂ. ಬಾಕಿ ನಿಲ್ಲುತ್ತದೆ. ಜಮೀನು ಅಡವಿದ್ದರೆ ಅದರ ಮೇಲೆ ಹೊರೆ. ಸರಾಸರಿ ಲೆಕ್ಕದಲ್ಲಿ ಲಾಭವಿದ್ದರೂ ಈ 49,000ವನ್ನು ಎಲ್ಲಿಂದ ತರುವಿರೆಂದು ಮೊದಲೇ ಕೇಳಿಕೊಳ್ಳಿ. ಉತ್ತರವಿಲ್ಲದಿದ್ದರೆ ಒಂದು ಎಕರೆ ನಿಮಗೆ ದೊಡ್ಡದು.

ಕಂಪನಿಯ ಷೇರುದಾರ ತನ್ನ ಹಣವನ್ನು ಹಲವು ಕಡೆ ಹಂಚಿಯೂ ಇಟ್ಟಿರುತ್ತಾನೆ. ರೈತರೂ ಸ್ವಲ್ಪಮಟ್ಟಿಗೆ ಹಾಗೆ ಮಾಡಬಹುದು. ಕವಲಂದೆ ಕಡೆಯ ಖುಷ್ಕಿಯಲ್ಲಿ ಒಬ್ಬನೇ ಒಂದು ಕೊಳವೆ ಬಾವಿ ತೆಗೆಸಿ, ನೀರು ಬೀಳುವ ಸಂಭವ ಅರ್ಧವೆಂದರೆ, ಹಣವೆಲ್ಲ ಹೋಗುವ ಸಂಭವವೂ ಅರ್ಧ. ಮೂವರು ಅಣ್ಣತಮ್ಮಂದಿರು ಮೂರು ಬೇರೆ ಬೇರೆ ಜಾಗದಲ್ಲಿ ತೆಗೆಸಿ ಖರ್ಚನ್ನೂ ನೀರನ್ನೂ ಹಂಚಿಕೊಂಡರೆ ಮೂರೂ ಬರಿದಾಗುವ ಸಂಭವ ಎಂಟಕ್ಕೆ ಒಂದು. ಮೂರೂ ಜಾಗದ ಬಂಡೆಯ ಸ್ವರೂಪ ಒಂದೇ ಆಗಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. 2023ರಂಥ ಬರ ಬಂದಾಗಲೂ, ಬಾಳೆಯ ಬೆಲೆ ಎಲ್ಲರಿಗೂ ಒಟ್ಟಿಗೆ ಬಿದ್ದಾಗಲೂ ಹಂಚಿಕೊಂಡು ತಪ್ಪಿಸಿಕೊಳ್ಳುವಂತಿಲ್ಲ. ದರವನ್ನು ಏರಿಸಿ ಲೆಕ್ಕ ಹಾಕಬೇಕಾದದ್ದು ಇಂಥ ಅಪಾಯಕ್ಕೆ.

ಹತ್ತು ಗುಂಟೆಯಿಂದ ಆರಂಭ

ಸಂಭವದ ಅಂಕಿ ಎಲ್ಲರಿಗೂ ಒಂದೇ ಅಲ್ಲ. ತಿ. ನರಸೀಪುರದ ಕಡೆ ಬಹುಕಾಲ ಭತ್ತವಿದ್ದು ನೀರು ನಿಂತ ಗದ್ದೆಯಲ್ಲಿ ಶಿಲೀಂಧ್ರ ಕಡಿಮೆಯಿರುತ್ತದೆ, ಆದರೆ ಬಾಳೆಗೆ ನೀರು ಬಸಿದುಹೋಗುವ ಏರ್ಪಾಡು ಮಾಡಲೇಬೇಕು. ಹಿಂದೆ ಬಾಳೆ ಸೊರಗಿದ್ದ ಹೊಲದ ಅಂಕಿಯೇ ಬೇರೆ. ಜಮೀನಿನ ಚರಿತ್ರೆಯನ್ನು ಹಿರಿಯರಿಂದ ಕೇಳಿ ತಿಳಿಯಿರಿ, ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದ ಸಲಹೆ ಪಡೆಯಿರಿ. ಆಗಲೂ ಸಂಶಯವಿದ್ದರೆ ಮೊದಲು ಹತ್ತು ಗುಂಟೆಗೆ ಮಾತ್ರ ನೆಡಿ. ಕೆಟ್ಟರೆ ಹೋಗುವುದು ಸುಮಾರು 24,000 ರೂ. ಉಳಿದ ಮೂವತ್ತು ಗುಂಟೆಯಲ್ಲಿ ಬೇರೆ ಬೆಳೆ ಇರುತ್ತದೆ. ಮೊದಲ ಬೆಳೆ ಚೆನ್ನಾಗಿ ಬಂದಿತೆಂದು ಮರುವರ್ಷವೇ ಪೂರ್ತಿ ಎಕರೆಗೆ ಹೋಗಬೇಡಿ, ರೋಗ ಕೂಳೆಯಲ್ಲಿಯೂ ಕಾಣಿಸಿಕೊಳ್ಳುತ್ತದೆ. ಕೂಳೆಯ ಗೊನೆ ಕಡಿದ ಮೇಲೆ ಕೆಲವು ದಿಂಡುಗಳನ್ನು ಅಡ್ಡ ಕೊಯ್ದು ಕಂದು ಗೆರೆಯಿದೆಯೇ ನೋಡಿ, ಆಮೇಲೆ ಸಾಲದ ಅರ್ಜಿ ಬರೆಯಿರಿ. ಆ ಅರ್ಜಿಯಲ್ಲಿ ಮೊದಲ ಕಂತಿನ ತಾರೀಖು ಗೊನೆ ಮಾರುವ ತಿಂಗಳ ನಂತರ ಬರುವಂತೆ ಕೇಳಿಕೊಳ್ಳುವುದನ್ನು ಮರೆಯಬಾರದು.