ಮುರಿಯದಿದ್ದರೆ ಸಾಲದು, ಬಾಗಲೂಬಾರದು: ಆಲ್ಟರ್ನೇಟರ್ ಬ್ರಾಕೆಟ್ ಕೂರಿಸುವ ಪಾಠ

ಕೈಯಾರೆ ಕಾರು ಕಟ್ಟುವ ಆಸೆ ನಮ್ಮಲ್ಲಿ ಅನೇಕರಿಗೆ ಇದೆ. ಪೈಪು ವೆಲ್ಡ್ ಮಾಡಿ ಚಾಸಿ, ಗುಜರಿಯಿಂದ ತಂದ ಇಂಜಿನ್, ಮೇಲೆ ಫೈಬರ್ ಬಾಡಿ. ಫೈಬರ್ ಬಾಡಿಯ ಕಾರು ನಮ್ಮ ನಾಡಿಗೆ ಹೊಸದೇನಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಕಂಪನಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ, 848 ಸಿಸಿ ಇಂಜಿನ್ ಇಟ್ಟು 'ಡಾಲ್ಫಿನ್' ಮಾರುತ್ತಿತ್ತು.

ಕಂಪನಿ ಕಾರಿನಲ್ಲಿ ಆಲ್ಟರ್ನೇಟರ್ ಎಲ್ಲಿ ಕೂರಬೇಕು ಅಂತ ಇಂಜಿನ್ ಜೊತೆಗೇ ಯೋಚನೆ ಮಾಡಿರುತ್ತಾರೆ. ಅದೇ ಇಂಜಿನ್ ತಂದು ನಮ್ಮ ಚಾಸಿಯೊಳಗೆ ಇಟ್ಟರೆ ಆ ಜಾಗಕ್ಕೆ ಯಾವುದೋ ಪೈಪೋ ಸ್ಟಿಯರಿಂಗ್ ರಾಡೋ ಅಡ್ಡ ಬರುತ್ತೆ. ಆಗ ಆಲ್ಟರ್ನೇಟರ್ ಜಾಗ ಬದಲಿಸಿ ಹೊಸ ಬ್ರಾಕೆಟ್ ಮಾಡಲೇಬೇಕು. 'ಒಂದು ತಗಡು ಕತ್ತರಿಸಿ ಎರಡು ತೂತು ಹೊಡೆದರೆ ಆಯ್ತು' ಅನ್ನೋರು ಒಂದು ಮಾತು ನೆನಪಿಡಬೇಕು. ಬಹಳಷ್ಟು ಹಳೆಯ ಇಂಜಿನ್‌ಗಳಲ್ಲಿ ಆಲ್ಟರ್ನೇಟರ್ ತಿರುಗಿಸುವ ಬೆಲ್ಟೇ ನೀರಿನ ಪಂಪನ್ನೂ ತಿರುಗಿಸುತ್ತೆ. ಬ್ರಾಕೆಟ್ ಮುರಿದರೆ ಚಾರ್ಜ್ ನಿಲ್ಲೋದು ಮಾತ್ರ ಅಲ್ಲ, ಇಂಜಿನ್ ಕಾದು ಹೆಡ್ ಸೊಟ್ಟಗಾಗುತ್ತೆ. ಇನ್ನೂ ಕೆಟ್ಟದ್ದೆಂದರೆ, ಆಲ್ಟರ್ನೇಟರ್ ಹಿಂದಿನ ದಪ್ಪ ವೈರು ನೇರ ಬ್ಯಾಟರಿಯಿಂದ ಬಂದಿರುತ್ತೆ. ಅದು ಚಾಸಿಗೆ ತಾಕಿದರೆ ಕೀ ಆಫ್ ಇದ್ದರೂ ಬೆಂಕಿ ಹತ್ತಬಹುದು.

ಯಾವುದಕ್ಕೆ ಕಟ್ಟಬೇಕು?

ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಲೇತ್ ನೋಡಿರುತ್ತೀರಿ. ಮೋಟಾರ್ ಒಂದು ಕಡೆ, ಲೇತ್ ಇನ್ನೊಂದು ಕಡೆ, ನಡುವೆ ಬೆಲ್ಟ್. ಎರಡೂ ಅಲುಗಾಡದಂತೆ ಭದ್ರವಾಗಿ ಕೂತಿರೋದರಿಂದ ಅವುಗಳ ನಡುವಿನ ದೂರ ಬದಲಾಗಲ್ಲ. ಕಾರಿನ ಕಥೆ ಬೇರೆ. ಅಲ್ಲಿ ಇಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿದ್ದು, ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಓಲಾಡುತ್ತೆ. ಆಲ್ಟರ್ನೇಟರನ್ನು ಚಾಸಿಗೆ ಕಟ್ಟಿದರೆ ಬೆಲ್ಟ್ ಒಮ್ಮೆ ಬಿಗಿ, ಒಮ್ಮೆ ಸಡಿಲ. ಬ್ರಾಕೆಟ್ಟಿನ ಒಂದು ತುದಿ ಇಂಜಿನ್‌ಗೆ, ಇನ್ನೊಂದು ತುದಿ ಚಾಸಿಗೆ ಕಟ್ಟೋದು ಅದಕ್ಕಿಂತ ಕೆಟ್ಟದು. ಆದ್ದರಿಂದ ಮೊದಲ ನಿಯಮ: ಬ್ರಾಕೆಟ್ ಪೂರ್ತಿಯಾಗಿ ಇಂಜಿನ್‌ಗೇ ಸೇರಬೇಕು. ಮಾಗಡಿ, ಕನಕಪುರದ ಕಡೆ ಹೊಲದ ಬದಿ ನಿಂತ ಟ್ರ್ಯಾಕ್ಟರಿನ ಬಾನೆಟ್ ಎತ್ತಿಸಿ ನೋಡಿ. ಕೆಳಗೆ ಒಂದು ಪಿವಟ್ ಬೋಲ್ಟ್, ಮೇಲೆ ಉದ್ದ ಸೀಳು ಇರುವ ಬಾಗಿದ ಪಟ್ಟಿ, ಎರಡೂ ಇಂಜಿನ್‌ಗೇ ಕಟ್ಟಿರುತ್ತವೆ. ನಮಗೂ ಅದೇ ಮಾದರಿ.

ಲೆಕ್ಕ ಏನು ಹೇಳುತ್ತೆ?

60 ಆಂಪಿಯರ್ ಆಲ್ಟರ್ನೇಟರ್ 14 ವೋಲ್ಟ್‌ನಲ್ಲಿ ಕೊಡೋದು 840 ವ್ಯಾಟ್. ದಕ್ಷತೆ ಶೇ. 55 ಅಂತ ಹಿಡಿದರೆ ಬೆಲ್ಟ್ ಒದಗಿಸಬೇಕಾದ್ದು ಸುಮಾರು 1500 ವ್ಯಾಟ್. 60 ಮಿ.ಮೀ. ಪುಲಿ 6000 ಆರ್‌ಪಿಎಂನಲ್ಲಿ ತಿರುಗುವಾಗ ಬೆಲ್ಟಿನ ವೇಗ ಸೆಕೆಂಡಿಗೆ ಸುಮಾರು 19 ಮೀಟರ್. ಭಾಗಿಸಿದರೆ ಎಳೆತ ಬರೋದು ಬರೀ 80 ನ್ಯೂಟನ್, ಅಂದರೆ 8 ಕೆ.ಜಿ. ತೂಕದಷ್ಟು. ಬೆಲ್ಟ್ ಬಿಗಿತ ಸೇರಿಸಿದರೂ ಕೆಲವು ನೂರು ನ್ಯೂಟನ್. 3 ಮಿ.ಮೀ. ಪ್ಲೇಟ್ ಇದನ್ನು ಸುಲಭವಾಗಿ ತಡೆಯುತ್ತೆ ಅನ್ನಿಸುತ್ತೆ.

ಆದರೆ ಬ್ರಾಕೆಟ್ ಸಾಯೋದು ಭಾರದಿಂದಲ್ಲ, ನಡುಕದಿಂದ. ಮಾರುತಿ 800ರಂಥ 3 ಸಿಲಿಂಡರ್ ಇಂಜಿನ್ ತೆಗೆದುಕೊಳ್ಳಿ. ಎರಡು ಸುತ್ತಿಗೆ 3 ಫೈರಿಂಗ್, ಅಂದರೆ ಸುತ್ತಿಗೆ ಒಂದೂವರೆ. 2400 ಆರ್‌ಪಿಎಂ ಅಂದರೆ ಸೆಕೆಂಡಿಗೆ 40 ಸುತ್ತು, 60 ಫೈರಿಂಗ್. ನಮ್ಮ ಬ್ರಾಕೆಟ್ಟಿನ ಸಹಜ ಆವರ್ತನವೂ 60 ಹರ್ಟ್ಜ್ ಇದ್ದರೆ ಅನುರಣನ ಶುರು. ದಿನವೂ ಓಡಿಸೋ ವೇಗದಲ್ಲೇ ಪ್ಲೇಟ್ ಗಿಜಿಗಿಜಿ ನಡುಗಿ, ಬೋಲ್ಟ್ ತೂತಿನ ಪಕ್ಕ ಸಣ್ಣ ಬಿರುಕು ಬಿಡುತ್ತೆ. ಮುಂದೊಂದು ದಿನ ಮುರಿಯುತ್ತೆ.

ಪರಿಹಾರವೂ ಅದೇ ಲೆಕ್ಕದಲ್ಲಿದೆ. ಬಾಗುವ ಪ್ಲೇಟಿನ ದಪ್ಪ ಎರಡರಷ್ಟಾದರೆ ಅದರ ಬಿಗುಪು 8 ಪಟ್ಟು. ಆವರ್ತನ ಬಿಗುಪಿನ ವರ್ಗಮೂಲದಂತೆ ಏರೋದರಿಂದ ಸುಮಾರು 2.8 ಪಟ್ಟು. 3 ಮಿ.ಮೀ. ಬದಲು 6 ಮಿ.ಮೀ. ಹಾಕಿದರೆ 60 ಹರ್ಟ್ಜ್ ಹೋಗಿ 170 ಆಗುತ್ತೆ. ಅಂದರೆ ಅನುರಣನ 6800 ಆರ್‌ಪಿಎಂ ಹತ್ತಿರ, 6000ಕ್ಕೆ ನಿಲ್ಲುವ ಇಂಜಿನ್ ಅಲ್ಲಿಗೆ ಮುಟ್ಟಲ್ಲ. ಚಾಚಿದ ಉದ್ದ ಅರ್ಧ ಮಾಡಿದರೂ ಇದೇ ಫಲ. ತ್ರಿಕೋನ ಗಸೆಟ್ ಹಾಕಿದರೆ ಇನ್ನೂ ಒಳ್ಳೇದು, ತೂಕವೂ ಹೆಚ್ಚಾಗಲ್ಲ.

ಇದನ್ನು ಲ್ಯಾಬ್‌ನಲ್ಲೇ ಪರೀಕ್ಷಿಸಬಹುದು. ಬ್ರಾಕೆಟ್ಟಿಗೆ ಆಲ್ಟರ್ನೇಟರ್ ಕಟ್ಟಿ, ಸ್ಪ್ರಿಂಗ್ ತಕ್ಕಡಿಯಿಂದ ಶಾಫ್ಟಿನ ದಿಕ್ಕಿಗೆ 10 ಕೆ.ಜಿ. ಎಳೆಯಿರಿ. ಪಕ್ಕದಲ್ಲಿ ಡಯಲ್ ಗೇಜ್ ಇಡಿ. 4.5 ಕೆ.ಜಿ. ಆಲ್ಟರ್ನೇಟರ್ 0.15 ಮಿ.ಮೀ. ಸರಿದರೆ ಆವರ್ತನ 60 ಹರ್ಟ್ಜ್ ಆಸುಪಾಸು. 0.02 ಮಿ.ಮೀ. ಒಳಗೆ ಇದ್ದರೆ ನೆಮ್ಮದಿ.

ಕೂರಿಸುವ ಕ್ರಮ

1. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ಆಲ್ಟರ್ನೇಟರ್ ವೈರು ಜೋಡಿಸಿಟ್ಟು ವೆಲ್ಡ್ ಮಾಡಲೇಬೇಡಿ, ಒಳಗಿನ ಡಯೋಡ್ ಸುಟ್ಟುಹೋಗುತ್ತೆ.

2. ಮೊದಲು ರಟ್ಟು, ಆಮೇಲೆ ಪ್ಲೈವುಡ್, ಕೊನೆಗೆ ಉಕ್ಕು. ಸ್ಪೇಸರ್ ಕೂಡ ಮೊದಲು ಮರದಲ್ಲೇ ಲೇತ್‌ಗೆ ಹಾಕಿ ಕಡೆಸಿ. ಮರ ಕಡೆಯುವ ಕೈಗಳಿಗೆ ಚನ್ನಪಟ್ಟಣದಲ್ಲಿ ಬರವೇ?

3. ನೇರ ಪಟ್ಟಿಯೊಂದನ್ನು ಪುಲಿಗಳಿಗೆ ಅಡ್ಡ ಇಟ್ಟು ಬೆಲ್ಟಿನ ಗಾಡಿಗಳು ಒಂದೇ ಸಾಲಿನಲ್ಲಿವೆಯೇ ನೋಡಿ. 200 ಮಿ.ಮೀ. ದೂರದಲ್ಲಿ 1 ಮಿ.ಮೀ. ಆಚೀಚೆಯಾದರೆ ಸುಮಾರು 0.3 ಡಿಗ್ರಿ. ಅದಕ್ಕಿಂತ ಹೆಚ್ಚಾದರೆ ಬೆಲ್ಟ್ ಕಿರುಚುತ್ತೆ, ಅಂಚು ಸವೆಯುತ್ತೆ.

4. ಟ್ಯಾಕ್ ವೆಲ್ಡ್ ಮಾಡಿ, ಕೂರಿಸಿ, ಮತ್ತೆ ಅಳೆದು, ಆಮೇಲೆ ಹೊರಗೆ ತೆಗೆದು ಪೂರ್ತಿ ವೆಲ್ಡ್ ಮಾಡಿ. ಶಾಖಕ್ಕೆ ಪ್ಲೇಟ್ ಸೊಟ್ಟಗಾಗುತ್ತೆ, ಹಾಗಾಗಿ ಮೂರನೇ ಸಲವೂ ಅಳೆಯಿರಿ.

5. ಪಿವಟ್ ಬೋಲ್ಟ್ ಆಲ್ಟರ್ನೇಟರಿನ ಎರಡೂ ಕಿವಿಗಳನ್ನು ಹಿಡಿಯಬೇಕು. ನಡುವೆ ಸಂದಿ ಇದ್ದರೆ ವಾಷರ್ ತುಂಬಿ. ಬೋಲ್ಟ್ ಬಿಗಿದು ಸಂದಿ ಮುಚ್ಚಲು ಹೋದರೆ ಅಲ್ಯೂಮಿನಿಯಂ ಕಿವಿ ಸೀಳುತ್ತೆ.

6. ಇಂಜಿನ್‌ಗೆ ತಾಗುವ ಮುಖಗಳಿಗೆ ಪೇಂಟ್ ಬೇಡ. ಬಹಳಷ್ಟು ಆಲ್ಟರ್ನೇಟರ್‌ಗಳಿಗೆ ಅರ್ತ್ ಸಿಗೋದೇ ಬ್ರಾಕೆಟ್ ಮೂಲಕ.

7. ದಪ್ಪ ವೈರಿಗೆ ರಬ್ಬರ್ ಟೋಪಿ, ಬ್ಯಾಟರಿ ಕಡೆ ಫ್ಯೂಸ್, ಇಂಜಿನ್ ಓಲಾಡಲು ಸ್ವಲ್ಪ ಸಡಿಲ, ಮೂರೂ ಇರಲಿ.

8. ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ಬೆಲ್ಟ್ ಮತ್ತು ಬೋಲ್ಟ್ ಮತ್ತೆ ಬಿಗಿಯಿರಿ. ಮುಂದೆ ತೂತುಗಳ ಸುತ್ತ, ವೆಲ್ಡ್ ಅಂಚಿನಲ್ಲಿ ಬಿರುಕು ಇದೆಯೇ ಅಂತ ಆಗಾಗ ಟಾರ್ಚ್ ಹಿಡಿದು ನೋಡಿ.

ಮರೆಯದೆ ಇನ್ನೊಂದು ಮಾತು: 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದ ವಾಹನವನ್ನು ರಸ್ತೆಗೆ ಇಳಿಸುವಂತಿಲ್ಲ. ಪರೀಕ್ಷೆ ಏನಿದ್ದರೂ ಕಾಲೇಜಿನ ಮೈದಾನದಲ್ಲಿ, ಅನುಮತಿ ಪಡೆದು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು.

ಪರೀಕ್ಷೆಯಲ್ಲಿ 'ಬಲ' ಮತ್ತು 'ಬಿಗುಪು' ಎರಡಕ್ಕೂ ವ್ಯತ್ಯಾಸ ಬರೆಯಿರಿ ಅಂತ ಎರಡು ಮಾರ್ಕಿನ ಪ್ರಶ್ನೆ ಬರುತ್ತೆ. ಬಲ ಇದ್ದರೆ ಬ್ರಾಕೆಟ್ ಇವತ್ತು ಮುರಿಯಲ್ಲ. ಬಿಗುಪೂ ಇದ್ದರೆ ಮುಂದಿನ ವರ್ಷವೂ ಮುರಿಯಲ್ಲ. ಡಯಲ್ ಗೇಜ್ ಹಿಡಿದು ಒಮ್ಮೆ ಅಳೆದವರಿಗೆ ಆ ಉತ್ತರ ಬಾಯಿಪಾಠ ಮಾಡಬೇಕಾಗಿಲ್ಲ.