‘ಸೆಟ್’ ಪದದ ಅರ್ಥವಿಸ್ತಾರ: ನಿಘಂಟು, ಅನುವಾದ ಮತ್ತು ಕನ್ನಡ ಬಳಕೆ

1. ಪೀಠಿಕೆ

ಒಂದು ಭಾಷೆಯಲ್ಲಿ ಅತಿ ಹೆಚ್ಚು ಅರ್ಥಗಳನ್ನು ಹೊತ್ತ ಪದಗಳು ಸಾಮಾನ್ಯವಾಗಿ ಪಾಂಡಿತ್ಯದ ದೀರ್ಘ ಪದಗಳಲ್ಲ. ದಿನಬಳಕೆಯ ಚಿಕ್ಕ ಪದಗಳು. ಕನ್ನಡದ ಹಾಕು, ಹಿಡಿ, ಬೀಳು, ಹೊಡೆ ಮುಂತಾದ ಕ್ರಿಯಾಪದಗಳು ಇದಕ್ಕೆ ನಿದರ್ಶನ. ಇಂಗ್ಲಿಷಿನಲ್ಲಿ ಈ ಬಗೆಯ ಪದಗಳಲ್ಲಿ ‘ಸೆಟ್’ ಪ್ರಮುಖವಾದುದು. 1989ರಲ್ಲಿ 20 ಸಂಪುಟಗಳಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಈ ಕ್ರಿಯಾಪದದ ನಮೂದು ಸುಮಾರು 60,000 ಪದಗಳಷ್ಟು ದೀರ್ಘವಾಗಿದ್ದು, 430ರಷ್ಟು ಅರ್ಥಗಳನ್ನು ಗುರುತಿಸಿದೆ. ಅನಂತರದ ಪರಿಷ್ಕರಣೆಯಲ್ಲಿ ‘ರನ್’ ಕ್ರಿಯಾಪದವು 645 ಅರ್ಥಗಳೊಂದಿಗೆ ಇದನ್ನು ಹಿಂದಿಕ್ಕಿದ್ದು 2011ರಲ್ಲಿ ಬೆಳಕಿಗೆ ಬಂತು.

ಈ ಎಣಿಕೆ ಕುತೂಹಲಕರವಾದರೂ ಅಧ್ಯಯನದ ದೃಷ್ಟಿಯಿಂದ ಮುಖ್ಯವಾದ ಪ್ರಶ್ನೆ ಬೇರೆ. ಇಷ್ಟೊಂದು ಅರ್ಥಗಳು ಒಂದೇ ಪದಕ್ಕೆ ಸೇರಿದವೆ? ಸೇರಿದ್ದರೆ ಅವುಗಳನ್ನು ಬೆಸೆದಿರುವ ಎಳೆ ಯಾವುದು? ಆ ಎಳೆಯನ್ನು ಕನ್ನಡದ ಮೂಲಕ ಗ್ರಹಿಸಲು ಸಾಧ್ಯವೆ? ಇಂಗ್ಲಿಷ್–ಕನ್ನಡ ನಿಘಂಟು ರಚನೆ, ಅನುವಾದ ಹಾಗೂ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳ ಇಂಗ್ಲಿಷ್ ಕಲಿಕೆ ಈ ಮೂರಕ್ಕೂ ಈ ಪ್ರಶ್ನೆಗಳು ನೇರವಾಗಿ ಸಂಬಂಧಿಸಿವೆ.

2. ಒಂದು ರೂಪ, ಎರಡು ಮೂಲ

ಕ್ರಿಯಾಪದವಾದ ‘ಸೆಟ್’ ಪ್ರಾಚೀನ ಇಂಗ್ಲಿಷಿನ ‘ಸೆಟ್ಟನ್’ ರೂಪದಿಂದ ಬಂದಿದೆ. ಇದು ‘ಸಿಟ್’ ಅಂದರೆ ‘ಕೂರು’ ಎಂಬ ಧಾತುವಿನ ಪ್ರೇರಣಾರ್ಥಕ ರೂಪ. ಹೀಗಾಗಿ ಅದರ ಮೂಲಾರ್ಥ ‘ಕೂರಿಸು’. ಇಂಗ್ಲಿಷಿನಲ್ಲಿ ‘ಲೈ–ಲೇ’ (ಮಲಗು–ಮಲಗಿಸು), ‘ಫಾಲ್–ಫೆಲ್’ (ಬೀಳು–ಬೀಳಿಸು) ಜೋಡಿಗಳೂ ಇದೇ ಬಗೆಯವು. ಧಾತುವಿನ ಒಳಗಿನ ಸ್ವರವನ್ನು ಬದಲಿಸಿ ಪ್ರೇರಣಾರ್ಥವನ್ನು ಸಾಧಿಸುವ ಪ್ರಾಚೀನ ಜರ್ಮಾನಿಕ್ ಪದ್ಧತಿಯ ಅವಶೇಷಗಳಿವು. ಕನ್ನಡದಲ್ಲಿ ಈ ಕೆಲಸವನ್ನು ಸಾಮಾನ್ಯವಾಗಿ ‘ಇಸು’ ಪ್ರತ್ಯಯ ಮಾಡುತ್ತದೆ; ‘ಹತ್ತು–ಹಚ್ಚು’ ಮುಂತಾದ ಕೆಲವೆಡೆ ಮಾತ್ರ ಧಾತುವಿನ ಒಳಗೇ ಬದಲಾವಣೆ ಕಾಣುತ್ತದೆ.

ಗುಂಪು, ಜೊತೆ ಎಂಬರ್ಥದ ನಾಮಪದ ‘ಸೆಟ್’ನ ಮೂಲ ಬೇರೆ. ‘ಹಿಂಬಾಲಿಸು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ‘ಸೆಕ್ಟ’ ಎಂಬ ಪದ ಪ್ರಾಚೀನ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಈ ರೂಪ ತಾಳಿತು. ಪಂಥ ಎಂಬರ್ಥದ ‘ಸೆಕ್ಟ್’ ಇದರ ಸೋದರ ಪದ. ಅನುಯಾಯಿಗಳ ಗುಂಪು ಎಂಬ ಅರ್ಥ ಮುಂದೆ ವಸ್ತುಗಳ ಗುಂಪಿಗೂ ವಿಸ್ತರಿಸಿತು. ‘ಒಟ್ಟಿಗೆ ಇರಿಸಿದ್ದು’ ಎಂಬ ಕ್ರಿಯಾಪದದ ಪ್ರಭಾವವೂ ಇದಕ್ಕೆ ಒತ್ತಾಸೆಯಾಯಿತು. ಬೇರೆ ಬೇರೆ ಕಡೆಯಿಂದ ಬಂದ ಎರಡು ಪದಗಳು ರೂಪದಲ್ಲಿ ಒಂದಾಗಿ, ಅರ್ಥದಲ್ಲೂ ಪರಸ್ಪರ ಹತ್ತಿರವಾದುದಕ್ಕೆ ಇದು ಸ್ಪಷ್ಟ ಉದಾಹರಣೆ.

ಕನ್ನಡದಲ್ಲಿ ಸಂಖ್ಯಾವಾಚಕ ‘ಹತ್ತು’ ಮತ್ತು ಏರು ಎಂಬರ್ಥದ ‘ಹತ್ತು’, ರಾಜ ಎಂಬರ್ಥದ ‘ಅರಸು’ ಮತ್ತು ಹುಡುಕು ಎಂಬರ್ಥದ ‘ಅರಸು’ ಇವು ರೂಪಸಾಮ್ಯವುಳ್ಳ ಬೇರೆ ಬೇರೆ ಪದಗಳು. ಆದರೆ ‘ಮರ ಹತ್ತು’, ‘ಬೆಂಕಿ ಹತ್ತು’, ಉತ್ತರ ಕರ್ನಾಟಕದ ‘ಮಾಡಾಕ ಹತ್ಯಾನ’ ಎಂಬಲ್ಲಿನ ‘ಹತ್ತು’ ಒಂದೇ ಪದದ ಅರ್ಥವಿಸ್ತಾರ. ನಿಘಂಟುಕಾರನು ಮೊದಲನೆಯ ಬಗೆಗೆ ಪ್ರತ್ಯೇಕ ನಮೂದುಗಳನ್ನೂ ಎರಡನೆಯದಕ್ಕೆ ಒಂದೇ ನಮೂದಿನೊಳಗೆ ಉಪಾರ್ಥಗಳನ್ನೂ ಕೊಡಬೇಕಾಗುತ್ತದೆ.

3. ‘ಕೂರಿಸು’ ಎಂಬ ಕೇಂದ್ರಾರ್ಥ

‘ಸೆಟ್’ ಕ್ರಿಯಾಪದದ ಕನ್ನಡ ಸಮಾನಪದಗಳನ್ನು ಪಟ್ಟಿ ಮಾಡಿದರೆ ಅವುಗಳ ನಡುವೆ ಸಂಬಂಧವೇ ಇಲ್ಲವೆಂಬ ಭಾವನೆ ಮೂಡುತ್ತದೆ. ಬೋನಿಗೆ ಒಡ್ಡು, ಬೆಂಕಿಗೆ ಹಚ್ಚು, ಮೂಳೆಗೆ ಕೂಡಿಸು, ಗಡಿಯಾರಕ್ಕೆ ಸರಿಹೊಂದಿಸು, ಅಚ್ಚುಮೊಳೆಗೆ ಜೋಡಿಸು, ಪ್ರಶ್ನೆಪತ್ರಿಕೆಗೆ ಸಿದ್ಧಪಡಿಸು, ದಿನಾಂಕಕ್ಕೆ ಗೊತ್ತುಮಾಡು, ಸೂರ್ಯನಿಗೆ ಮುಳುಗು, ಮೊಸರಿಗೆ ಹೆಪ್ಪುಗಟ್ಟು, ಸಿಮೆಂಟಿಗೆ ಗಟ್ಟಿಯಾಗು. ಒಂದು ಇಂಗ್ಲಿಷ್ ಪದಕ್ಕೆ ಪ್ರತಿಯಾಗಿ ಇಲ್ಲಿ ಹತ್ತು ಕ್ರಿಯೆಗಳಿವೆ.

ಆದರೆ ಕನ್ನಡದ ‘ಕೂರಿಸು’ ಪದದ ಬಳಕೆಯನ್ನು ಗಮನಿಸಿದರೆ ಈ ಚದುರಿದ ಅರ್ಥಗಳ ನಡುವಿನ ಎಳೆ ಗೋಚರಿಸುತ್ತದೆ. ಅಕ್ಕಸಾಲಿಗನು ಉಂಗುರಕ್ಕೆ ಹರಳು ಕೂರಿಸುತ್ತಾನೆ. ಬಡಗಿ ಬಾಗಿಲು ಕೂರಿಸುತ್ತಾನೆ. ಮನೆಯಲ್ಲಿ ಗಣಪತಿಯನ್ನು, ಮೈಸೂರು ಸೀಮೆಯಲ್ಲಿ ದಸರೆಯ ಬೊಂಬೆಗಳನ್ನು ಕೂರಿಸುತ್ತಾರೆ. ಇಲ್ಲೆಲ್ಲ ಕೇವಲ ‘ಇಡು’ ಎಂಬುದು ಸಾಲದು. ತಕ್ಕ ಜಾಗದಲ್ಲಿ, ಅಲುಗದಂತೆ, ಒಂದು ಉದ್ದೇಶಕ್ಕಾಗಿ ಇರಿಸುವುದು ‘ಕೂರಿಸು’ವಿನ ಅರ್ಥ. ‘ಸೆಟ್’ನ ಕೇಂದ್ರಾರ್ಥವೂ ಇದೇ. ಮೂಳೆಯನ್ನು ಅದರ ಸ್ಥಾನಕ್ಕೆ ತರುವುದು, ಗಡಿಯಾರದ ಮುಳ್ಳನ್ನು ಸರಿಯಾದ ವೇಳೆಗೆ ನಿಲ್ಲಿಸುವುದು, ದಿನಾಂಕವನ್ನು ಬದಲಾಗದಂತೆ ಗೊತ್ತುಮಾಡುವುದು ಎಲ್ಲವೂ ಇದರ ವಿಸ್ತರಣೆಗಳು. ಮೊಸರು, ಸಿಮೆಂಟುಗಳ ವಿಷಯದಲ್ಲಿ ‘ಅಲುಗದ ಸ್ಥಿತಿ’ ಎಂಬ ಅಂಶ ಮುಂದಾಗಿ, ಸಕರ್ಮಕ ಕ್ರಿಯೆ ಅಕರ್ಮಕವಾಗಿದೆ. ಬೆಂಕಿಯ ವಿಷಯದಲ್ಲಿ ಮಾತ್ರ ಕನ್ನಡವು ‘ಕೂರಿಸು’ವನ್ನು ಬಿಟ್ಟು ‘ಹಚ್ಚು’ವನ್ನು ಆರಿಸಿಕೊಂಡಿದೆ. ಎರಡು ಭಾಷೆಗಳ ಅರ್ಥಕ್ಷೇತ್ರಗಳು ಕೇಂದ್ರದಲ್ಲಿ ಕೂಡಿ ಅಂಚಿನಲ್ಲಿ ಅಗಲುತ್ತವೆ ಎಂಬುದು ಇದರಿಂದ ತಿಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಿಗಿಯಾಗು ಎಂಬರ್ಥದ ಕನ್ನಡದ ‘ಸೆಟೆ’ ಪದಕ್ಕೂ ಗಟ್ಟಿಯಾಗು ಎಂಬರ್ಥದ ‘ಸೆಟ್’ಗೂ ಇರುವ ಸಾಮ್ಯ ಆಕಸ್ಮಿಕ. ಧ್ವನಿಸಾಮ್ಯವೊಂದನ್ನೇ ನೆಚ್ಚಿ ನಿಷ್ಪತ್ತಿ ಹೇಳುವುದು ಶಾಸ್ತ್ರೀಯವಲ್ಲ.

4. ಅರ್ಥನಿರ್ಣಯದ ಸಾಧನಗಳು

ಅನೇಕಾರ್ಥಗಳ ಸಮಸ್ಯೆ ಭಾರತೀಯ ಚಿಂತನೆಗೆ ಹೊಸದಲ್ಲ. ಅಮರಕೋಶದಲ್ಲಿ ನಾನಾರ್ಥವರ್ಗವಿದೆ, ಎರಡನೆಯ ನಾಗವರ್ಮನ ‘ಅಭಿಧಾನ ವಸ್ತುಕೋಶ’ದಲ್ಲಿ ನಾನಾರ್ಥಕಾಂಡವಿದೆ. ಭರ್ತೃಹರಿಯು ‘ವಾಕ್ಯಪದೀಯ’ದ ಎರಡನೆಯ ಕಾಂಡದಲ್ಲಿ ಸಂಯೋಗ, ವಿಪ್ರಯೋಗ, ಸಾಹಚರ್ಯ, ವಿರೋಧ, ಪ್ರಕರಣ, ಲಿಂಗ ಮೊದಲಾದ ಅರ್ಥನಿರ್ಣಾಯಕಗಳನ್ನು ಹೇಳಿದ್ದಾನೆ. ‘ಸೈಂಧವ’ ಎಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಊಟಕ್ಕೆ ಕುಳಿತವನು ಅದನ್ನು ತರಹೇಳಿದರೆ ಉಪ್ಪು, ಪ್ರಯಾಣಕ್ಕೆ ಹೊರಟವನು ಕೇಳಿದರೆ ಕುದುರೆ. ಇದು ಪ್ರಕರಣದ ಬಲ.

‘ಸೆಟ್’ ವಿಷಯದಲ್ಲಿ ಸಾಹಚರ್ಯ ಮತ್ತು ಪ್ರಕರಣಗಳು ಪ್ರಧಾನವಾಗುತ್ತವೆ. ‘ಅಪ್’ ಸೇರಿದಾಗ ಸ್ಥಾಪಿಸು, ‘ಔಟ್’ ಸೇರಿದಾಗ ಹೊರಡು, ‘ಅಸೈಡ್’ ಸೇರಿದಾಗ ತೆಗೆದಿರಿಸು ಎಂಬ ಅರ್ಥಗಳು ಬರುತ್ತವೆ. ಆದರೆ ಸಹಚರ ಪದವೂ ಎಲ್ಲ ಕಡೆ ಸಾಲದು. ಹಣದ ಮಾತಿನಲ್ಲಿ ‘ಸೆಟ್ ಅಸೈಡ್’ ಎಂದರೆ ತೆಗೆದಿರಿಸು. ನ್ಯಾಯಾಲಯದ ಆದೇಶದ ಮಾತಿನಲ್ಲಿ ರದ್ದುಪಡಿಸು. ಎರಡನೆಯದನ್ನು ‘ಬದಿಗಿಡು’ ಎಂದು ಅನುವಾದಿಸಿದರೆ ಆದೇಶ ಇನ್ನೂ ಜೀವಂತವಾಗಿದೆ, ಮುಂದೆ ಕೈಗೆತ್ತಿಕೊಳ್ಳಬಹುದು ಎಂಬ ತಪ್ಪು ತಿಳಿವಳಿಕೆಗೆ ಎಡೆಯಾಗುತ್ತದೆ.

‘ಸೆಟ್ ಆಫ್’ ಇನ್ನೂ ಸೂಕ್ಷ್ಮವಾದುದು. ಸಾಮಾನ್ಯ ಬಳಕೆಯಲ್ಲಿ ಅದು ‘ಹೊರಡು’. ಸಿವಿಲ್ ವ್ಯವಹಾರದಲ್ಲಿ ಒಬ್ಬರ ಬಾಕಿಗೆ ಇನ್ನೊಬ್ಬರ ಬಾಕಿಯನ್ನು ವಜಾ ಮಾಡಿಕೊಳ್ಳುವುದು. 1973ರ ದಂಡ ಪ್ರಕ್ರಿಯಾ ಸಂಹಿತೆಯ 428ನೆಯ ಪ್ರಕರಣದಲ್ಲಿ, ಆರೋಪಿಯು ತೀರ್ಪಿಗೆ ಮುನ್ನ ಬಂಧನದಲ್ಲಿ ಕಳೆದ ದಿನಗಳನ್ನು ಶಿಕ್ಷೆಯ ಅವಧಿಯಿಂದ ಕಳೆಯುವುದು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಈ ಏರ್ಪಾಡು ಮುಂದುವರಿದಿದೆ. ಇಲ್ಲಿ ಪದದ ಅರ್ಥ ಅಸ್ಪಷ್ಟವಾದರೆ ಕೈದಿಯೊಬ್ಬನಿಗೆ ತಾನು ಸೆರೆಮನೆಯಲ್ಲಿ ಇನ್ನೆಷ್ಟು ದಿನ ಇರಬೇಕೆಂಬುದೇ ತಿಳಿಯದೆ ಹೋಗಬಹುದು. ಕರ್ನಾಟಕದ ಅಧೀನ ನ್ಯಾಯಾಲಯಗಳಲ್ಲಿ ಕನ್ನಡದ ಬಳಕೆಗೆ ಅವಕಾಶವಿರುವುದರಿಂದ ಇಂಥ ಪದಗಳ ಅರ್ಥನಿರ್ಣಯ ಬರಿಯ ಭಾಷಾಶಾಸ್ತ್ರದ ವಿಷಯವಾಗಿ ಉಳಿಯುವುದಿಲ್ಲ.

ಶಾಸ್ತ್ರಗ್ರಂಥಗಳಲ್ಲಿ ಪಾರಿಭಾಷಿಕ ಪದವನ್ನು ರೂಪಿಸುವುದು ಇನ್ನೊಂದು ಮಾರ್ಗ. ಗಣಿತದ ‘ಸೆಟ್’ಗೆ ಕನ್ನಡ ಪಠ್ಯಪುಸ್ತಕಗಳು ‘ಗಣ’ ಎಂಬ ಪದವನ್ನು ಬಳಸುತ್ತವೆ. ಆದರೆ ‘ಗಣ’ವೂ ಅನೇಕಾರ್ಥಕವೇ. ಛಂದಸ್ಸಿನಲ್ಲಿ ಅಕ್ಷರಗಣ, ಮಾತ್ರಾಗಣ, ಅಂಶಗಣಗಳಿವೆ, ಪುರಾಣದಲ್ಲಿ ಶಿವಗಣಗಳಿವೆ. ಆದರೂ ವಿದ್ಯಾರ್ಥಿಗೆ ಗೊಂದಲವಾಗುವುದಿಲ್ಲ. ಪಾಠದ ಪ್ರಕರಣವೇ ಅರ್ಥವನ್ನು ನಿಯಮಿಸುತ್ತದೆ.

5. ಕನ್ನಡದೊಳಗಿನ ‘ಸೆಟ್’

ಕನ್ನಡವು ಈ ಪದವನ್ನು ಸ್ವೀಕರಿಸಿದಾಗ ಮೂಲದ ಎಲ್ಲ ಅರ್ಥಗಳನ್ನೂ ತೆಗೆದುಕೊಳ್ಳಲಿಲ್ಲ. ಮುಖ್ಯವಾಗಿ ಬಂದುದು ನಾಮಪದ. ಪಂಪು ಮತ್ತು ಮೋಟರು ಕೂಡಿ ರೈತನ ‘ಪಂಪ್‌ಸೆಟ್’ ಆಯಿತು. ರೇಡಿಯೊ ಸೆಟ್, ಟಿವಿ ಸೆಟ್, ಸಿನಿಮಾ ಸೆಟ್, ಪಾತ್ರೆಯ ಸೆಟ್ ಬಳಕೆಗೆ ಬಂದವು. ಇವುಗಳಲ್ಲಿ ‘ಸೆಟ್ ದೋಸೆ’ ವಿಶೇಷ ಗಮನಕ್ಕೆ ಅರ್ಹ. ತಟ್ಟೆಗೆ ಎರಡು ಮೂರು ದೋಸೆಗಳನ್ನು ಜೊತೆಯಾಗಿ ಕೊಡುವುದರಿಂದ ಬಂದ ಹೆಸರಿದು. ಕ್ರಮೇಣ ಅದು ಮೆತ್ತನೆಯ, ದಪ್ಪನೆಯ ಒಂದು ದೋಸೆಯ ಬಗೆಯನ್ನೇ ಸೂಚಿಸತೊಡಗಿತು. ಒಂಟಿ ದೋಸೆಯನ್ನೂ ‘ಸೆಟ್ ದೋಸೆ’ ಎನ್ನಲು ಸಾಧ್ಯವಾದಾಗ ಸಂಖ್ಯಾಸೂಚಕ ಪದವು ಗುಣಸೂಚಕವಾಗಿದೆ ಎಂದರ್ಥ.

ಕ್ರಿಯಾಪದವಾಗಿ ಬಳಸುವಾಗ ಕನ್ನಡವು ‘ಮಾಡು’, ‘ಆಗು’ಗಳ ನೆರವು ಪಡೆಯುತ್ತದೆ: ‘ಅಲಾರಂ ಸೆಟ್ ಮಾಡು’, ‘ಆ ಊರು ಅವನಿಗೆ ಸೆಟ್ ಆಗಲಿಲ್ಲ’. ಇಂಗ್ಲಿಷಿನಲ್ಲಿ ಒಂದೇ ರೂಪ ಸಕರ್ಮಕವೂ ಅಕರ್ಮಕವೂ ಆಗಿದ್ದರೆ, ಕನ್ನಡವು ಆ ಭೇದವನ್ನು ತನ್ನ ಸಹಾಯಕ ಕ್ರಿಯಾಪದಗಳಿಂದ ಸ್ಪಷ್ಟಪಡಿಸಿಕೊಂಡಿದೆ. ‘ಹೊಂದಿಕೆಯಾಗು’ ಎಂಬ ಎರಡನೆಯ ಉದಾಹರಣೆಯ ಅರ್ಥವಂತೂ ಬಹುಮಟ್ಟಿಗೆ ಕನ್ನಡವೇ ಬೆಳೆಸಿಕೊಂಡದ್ದು. ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಯಾದ ‘ಕೆ–ಸೆಟ್’ನ ‘ಸೆಟ್’ ಮಾತ್ರ ಆದ್ಯಕ್ಷರಗಳಿಂದಾದ, ಸಂಬಂಧವಿಲ್ಲದ ಮತ್ತೊಂದು ಪದ.

6. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಇಂಗ್ಲಿಷ್–ಕನ್ನಡ ನಿಘಂಟುಗಳು ಬೇರೆ ಮೂಲದ ಪದಗಳನ್ನು ಬೇರೆ ನಮೂದುಗಳಲ್ಲಿ ಕೊಡುವುದು ಅವಶ್ಯ. ಎರಡನೆಯದಾಗಿ, ಅರ್ಥಗಳನ್ನು ಬರಿಯ ಪಟ್ಟಿಯಾಗಿ ಕೊಡದೆ ಕೇಂದ್ರಾರ್ಥದಿಂದ ಹೊರಟು ಜೋಡಿಸಿದರೆ ಕಲಿಯುವವರಿಗೆ ನೆನಪಿನ ಹೊರೆ ತಗ್ಗುತ್ತದೆ. ‘ಸೆಟ್’ಗೆ ‘ಕೂರಿಸು’ ಅಂಥ ದಾರಿದೀಪ. ಮೂರನೆಯದಾಗಿ, ಪ್ರತಿ ಅರ್ಥದೊಡನೆ ಸಹಚರ ಪದವನ್ನೂ ಬಳಕೆಯ ಕ್ಷೇತ್ರವನ್ನೂ ಸೂಚಿಸಬೇಕು. ನಾಲ್ಕನೆಯದಾಗಿ, ಕನ್ನಡಕ್ಕೆ ಬಂದು ಹೊಸ ಅರ್ಥ ಪಡೆದಿರುವ ‘ಸೆಟ್’ ಕನ್ನಡ ನಿಘಂಟಿನಲ್ಲಿಯೂ ತನ್ನದೇ ನಮೂದಿಗೆ ಅರ್ಹವಾಗಿದೆ. ಅನ್ಯಭಾಷೆಯ ಪದವೊಂದರ ಅರ್ಥವನ್ನು ಅರಸುತ್ತ ಹೋದಾಗ ಅಕ್ಕಸಾಲಿಗನ, ಬಡಗಿಯ ಮಾತಿನಲ್ಲಿರುವ ಕನ್ನಡದ ಸೂಕ್ಷ್ಮವೂ ಕಣ್ಣಿಗೆ ಬೀಳುತ್ತದೆ. ದ್ವಿಭಾಷಾ ನಿಘಂಟು ರಚನೆಗೆ ಈ ವೃತ್ತಿಪದಗಳ ಸಂಗ್ರಹ ಅತ್ಯಗತ್ಯವೆಂಬುದು ಈ ಅಧ್ಯಯನದಿಂದ ವ್ಯಕ್ತವಾಗುತ್ತದೆ.