ವಾರಕ್ಕೊಂದು ಕಾಗದ ಬರಿ ಪುಟ್ಟೀ

ಪುಟ್ಟೀ, ನಿಶ್ಚಿತಾರ್ಥ ಆಯ್ತು. ಹುಡುಗ ಕೆಲಸದ ಮೇಲೆ ದೂರದ ಊರಿಗೆ ಹೊರಟಿದ್ದಾನೆ, ಮದುವೆಗೆ ಇನ್ನೂ ತಿಂಗಳುಗಳಿವೆ. ಅವನಿಗೆ ಏನು ಕೊಡಲಿ ಅಂತ ಕೇಳಿದೆಯಲ್ಲ, ನನ್ನ ಕಿವಿಮಾತು ಇಷ್ಟೇ: ವಾರಕ್ಕೊಂದು ಕಾಗದ ಬರಿ. ಆ ಕಾಗದಗಳನ್ನು ಇಟ್ಟುಕೊಳ್ಳೋಕೆ ಒಂದು ಪುಟ್ಟ ಚೀಲ ನಿನ್ನ ಕೈಯಾರೆ ಹೊಲಿದು ಕೊಡು.

ಫೋನಿನಲ್ಲಿ ದಿನಾ ಮಾತಾಡಿ, ಬೇಡ ಅನ್ನೋಲ್ಲ. ಆದರೆ ಅಲ್ಲಿ ಒಬ್ಬರು ಹೇಳಿ ಮುಗಿಸುವ ಮೊದಲೇ ಇನ್ನೊಬ್ಬರು ಉತ್ತರ ಕೊಡಬೇಕು. ಕಾಗದಕ್ಕೆ ಆ ಅವಸರವಿಲ್ಲ. ಎದುರಿಗೆ ಹೇಳಲು ನಾಚಿಕೆಯಾಗುವ ಮಾತನ್ನೂ ಕೊನೇತನಕ ಹೇಳಬಹುದು. ಅವನೂ ಬೇಕಾದಾಗ ತೆಗೆದು ಮತ್ತೆ ಓದಬಹುದು.

ಇನ್‌ಲ್ಯಾಂಡ್ ಲೆಟರ್‌ನಲ್ಲೇ ಶುರುಮಾಡು. 1950ರ ಅಕ್ಟೋಬರ್ 2ರಂದು ನಮ್ಮ ಅಂಚೆ ಇಲಾಖೆ ಅದನ್ನು ತಂದಿತು. ಹಾಳೆಯನ್ನೇ ಮಡಿಸಿ ಅಂಟಿಸಿದರೆ ಲಕೋಟೆ. ಒಳಗೆ ಬೇರೆ ಚೀಟಿ ಇಡುವ ಹಾಗಿಲ್ಲ. ಜಾಗ ಕಡಿಮೆ ಇರುವುದರಿಂದ ಮನಸ್ಸಿನಲ್ಲಿರುವುದೇ ಮೊದಲು ಬರುತ್ತದೆ. ಮೇಲ್ಗಡೆ ನಿಮ್ಮ ಬಡಾವಣೆಯ ಹೆಸರು ಓಕಳಿಪುರಂ ಅಂತ ಬರೆದು ತಾರೀಕು ಹಾಕು, ವಿಳಾಸದಲ್ಲಿ ಪಿನ್‌ಕೋಡ್ ಮರೆಯಬೇಡ.

ಏನು ಬರೆಯೋದು ಅಂತ ತಡಕಾಡಬೇಡ. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಕವನ ಸಂಕಲನ 1942ರಲ್ಲಿ ಬಂತು. ಗಂಡ ಹೆಂಡಿರ ಒಲವು, ತವರು, ಬಳೆ, ಹೂವು, ಇಂಥ ಮನೆಯೊಳಗಿನ ಸಂಗತಿಗಳೇ ಅದರ ಜೀವ. ಇವತ್ತಿಗೂ ಮದುವೆ ಮನೆಗಳಲ್ಲಿ ಅದರ ಪದ್ಯಗಳನ್ನು ಹಾಡುತ್ತಾರೆ. ನೀನೂ ಹಾಗೇ ಬರಿ: ರೈಲ್ವೆ ಸೇತುವೆ ಕೆಳಗೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡದ್ದು, ಸಂಪಿಗೆ ರಸ್ತೆಯಲ್ಲಿ ಹೂ ಕೊಂಡದ್ದು, ಆಗ ಅವನು ನೆನಪಾದದ್ದು. ಕೋಪ ಬಂದ ದಿನವೂ ಬರಿ. ಆದರೆ ಆ ಕಾಗದ ಒಂದು ರಾತ್ರಿ ಮನೆಯಲ್ಲೇ ಇರಲಿ. ಬೆಳಿಗ್ಗೆ ಓದಿದಾಗಲೂ ಸರಿ ಅನ್ನಿಸಿದರೆ ಮಾತ್ರ ಡಬ್ಬಿಗೆ ಹಾಕು.

ಇನ್ನು ಚೀಲದ ಮಾತು. ಧಾರವಾಡದ ಕಡೆಯ ಕಸೂತಿ ಕಲಿ. ಗವಂತಿ, ಮುರ್ಗಿ, ನೇಗಿ, ಮೆಂತ್ಯೆ, ನಾಲ್ಕೇ ಹೊಲಿಗೆ. ಬಟ್ಟೆಯ ಎಳೆ ಎಣಿಸುತ್ತಾ ಸೂಜಿ ಹಾಕಬೇಕು. ಗವಂತಿಯಿಂದ ಶುರುಮಾಡು: ಹೋಗುವಾಗ ಒಂದು ಬಿಟ್ಟು ಒಂದು ಹೊಲಿದು, ಬರುವಾಗ ಬಿಟ್ಟ ಜಾಗ ತುಂಬುವುದು. ಗಂಟು ಹಾಕುವಂತಿಲ್ಲ, ಬಟ್ಟೆ ತಿರುಗಿಸಿದರೆ ಹಿಂಬದಿಯೂ ಮುಂಬದಿಯಂತೆಯೇ ಕಾಣಬೇಕು. ನಿಮ್ಮಿಬ್ಬರ ಕಾಗದಗಳೂ ಹಾಗೇ ಇರಲಿ. ತುಳಸಿಕಟ್ಟೆ, ಗೋಪುರ, ತೇರಿನ ಚಿತ್ತಾರ ಎಲ್ಲ ಆಮೇಲೆ. ಮೊದಲು ಅಂಚಿಗೆ ಒಂದು ಸಾಲು ಸಾಕು. ಚೀಲ ಕಳಿಸುವಾಗ ಸ್ಪೀಡ್ ಪೋಸ್ಟ್ ಮಾಡು. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಅದರಲ್ಲೇ ಸೇರಿಹೋಗಿದೆ.

ಹೊಲಿಗೆ ಕೈಗೆ ಹತ್ತಲಿಲ್ಲವೇ? ಚೀಲದ ಬದಲು ಮರದ ಸಾಮಾನೊಂದನ್ನು ಮಾಡುವವರ ಹತ್ತಿರವೇ ಹೋಗಿ ಕೊಂಡುಕೋ. ಮೆಜೆಸ್ಟಿಕ್ಕಿನಲ್ಲಿ ಮೈಸೂರು ರೈಲು ಹತ್ತಿದರೆ ದಾರಿಯಲ್ಲೇ ಚನ್ನಪಟ್ಟಣ. ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗು ಒತ್ತಿಹಿಡಿದಾಗ ಉಜ್ಜಿದ ಬಿಸಿಗೇ ಅದು ಕರಗಿ ಮರಕ್ಕೆ ಹತ್ತುವುದನ್ನು ಕಣ್ಣಾರೆ ನೋಡು. ಒಮ್ಮೆ ನೋಡಿದ ಮೇಲೆ ಅಲ್ಲಿ ಚೌಕಾಸಿ ಮಾಡೋಕೆ ನಿನಗೇ ಮನಸ್ಸು ಬಾರದು. ಮಾಡಬೇಡ.

ಕೈಯಿಂದ ಮಾಡಿದ್ದೆಲ್ಲ ಚೆಂದವೇ ಆಗಬೇಕಿಲ್ಲ. ಅಕ್ಷರ ಸೊಟ್ಟಗಿರಲಿ, ಎಳೆ ಎಣಿಕೆ ತಪ್ಪಲಿ. ಅಷ್ಟು ಹೊತ್ತು ನೀನು ಬೇರೆ ಯಾವುದಕ್ಕೂ ಕೈಹಾಕದೆ ಅವನನ್ನೇ ನೆನೆದು ಕೂತಿದ್ದೆ ಎಂಬುದು ಅವನಿಗೆ ತಿಳಿಯುತ್ತದೆ. ದುಡ್ಡು ಕೊಟ್ಟು ತಂದ ವಾಚಿನಲ್ಲಿ ಅದು ಸಿಗದು.

ಮದುವೆಯಾದ ಮೇಲೆ ಇದನ್ನು ಬಿಡಬೇಡಿ, ಇಬ್ಬರೂ. ವರ್ಷಕ್ಕೊಂದಾದರೂ ಬರೆದುಕೊಳ್ಳಿ. ದಿನಾ ಕಣ್ಣೆದುರೇ ಇರುವವರಿಗೆ ಹೇಳದೆ ಉಳಿದುಹೋಗುವ ಮಾತೇ ಹೆಚ್ಚು, ಪುಟ್ಟೀ.